ಕೊಲ್ಲಾರಿಯ ನೆಳಲಿನ ಸಂಸಾರ

ಪುಷ್ಯಮಾಸದ ಶುಕ್ಲಪಕ್ಷವು ಅರ್ಧ ಸರಿದು, ಎರೆಯ ಹೊಲಗಳಲ್ಲಿ ಬಿಳಿಜೋಳವು ತೆನೆಗಟ್ಟಿ, ಕಡಲೆಯ ಗಿಡದ ಹುಳಿಯು ಬೆಳಗಿನ ಇಬ್ಬನಿಯೊಡನೆ ಬೆರೆತು ಸೀರೆಯ ಅಂಚಿಗೆ ಅಂಟುವ ದಿನಗಳಲ್ಲಿ, ರೋಣದ ಸೀಮೆಯ ನಮ್ಮ ಮನೆಯಲ್ಲಿ ಒಂದು ವಿಶೇಷ ಸಂಭ್ರಮವು ತಲೆದೋರುತ್ತಿದ್ದಿತು. ವರ್ಷವೆಲ್ಲ ಎತ್ತಿನ ಮನೆಯ ಅಟ್ಟದ ಮೇಲೆ ಧೂಳು ಹೊದ್ದು ಮಲಗಿದ್ದ ಕೊಲ್ಲಾರಿಯನ್ನು ಅಜ್ಜನು ಕೆಳಗಿಳಿಸಿ, ಬಾಗಿದ ಬಿದಿರಿನ ದಬ್ಬೆಗಳಲ್ಲಿ ಸೀಳಿದವನ್ನು ಬದಲಿಸಿ, ಹಗ್ಗದ ಗಂಟುಗಳನ್ನು ಒಂದೊಂದಾಗಿ ಜಗ್ಗಿ ನೋಡಿ, ಅದನ್ನು ಚಕ್ಕಡಿಯ ಮೇಲೆ ಕಟ್ಟಿದನೆಂದರೆ, ನಿನ್ನೆಯ ತನಕ ಗೊಬ್ಬರವನ್ನೂ ಕಣಿಕೆಯನ್ನೂ ಹೊತ್ತ ಬಂಡಿಯೇ ಇಂದು ಮನೆಯಾಗುತ್ತಿದ್ದಿತು. ಬನದ ಹುಣ್ಣಿಮೆಯ ಜಾತ್ರೆಗೆ ಬಾದಾಮಿಯ ಬನಶಂಕರಿಗೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ಹೊರಟ ಕುಟುಂಬಕ್ಕೆ ಅಲ್ಲಿಂದ ಮುಂದೆ ಅನೇಕ ದಿನಗಳವರೆಗೆ ಅದೇ ಪಡಸಾಲೆ, ಅದೇ ಮಲಗುವ ಕೋಣೆ, ಅದೇ ಉಗ್ರಾಣ.

ವಿದೇಶಗಳಲ್ಲಿ ಮೋಟಾರು ವಾಹನದೊಳಗೆ ಒಲೆ, ಹಾಸಿಗೆ, ಸ್ನಾನಗೃಹಗಳನ್ನು ಅಳವಡಿಸಿಕೊಂಡು ಮಕ್ಕಳುಮರಿಗಳೊಡನೆ ವರ್ಷಗಟ್ಟಲೆ ಊರೂರು ಸುತ್ತುವ ಸಂಸಾರಗಳ ವಿಚಾರವನ್ನು ನಾವು ಈಗ ಕೌತುಕದಿಂದ ಕೇಳುತ್ತೇವೆ. ಅದನ್ನು ಕೇಳಿದಾಗಲೆಲ್ಲ, ರೋಣ, ನರಗುಂದ, ಗಜೇಂದ್ರಗಡಗಳ ಈ ಕರಿನೆಲದಲ್ಲಿ ಚಲಿಸುವ ಮನೆಯೆಂಬುದು ಎಂದು, ಯಾರಿಂದ, ಯಾವ ಅಗತ್ಯದಿಂದ ರೂಪುಗೊಂಡಿತೆಂಬ ಪ್ರಶ್ನೆಯು ನನ್ನಲ್ಲಿ ಮೂಡಿದೆ.

ಗಾಲಿಗಿಂತ ಮೊದಲು ಬಂದುದು ಹೇರು. ಎತ್ತಿನ ಬೆನ್ನಿನ ಎರಡೂ ಮಗ್ಗುಲಿಗೆ ಇಳಿಬಿಟ್ಟ ಚೀಲಗಳ ಭಾರವನ್ನು ನಮ್ಮವರು ಹೇರೆಂದು ಕರೆದರು. ಹಾದಿಯ ಸುಂಕವನ್ನೂ ಹೇರಿನ ಲೆಕ್ಕದಲ್ಲಿಯೇ ಎಣಿಸಿದರು. ಮಲಪ್ರಭೆಯ ದಂಡೆಯ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರೆಂಬ ವಣಿಕ್ಸಂಘವು ಚಾಲುಕ್ಯರ ಕಾಲದಲ್ಲಿ ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿದ್ದುದನ್ನು ಶಾಸನಗಳು ಸಾರುತ್ತವೆ. ಸಂಸ್ಕೃತದಲ್ಲಿ ಇಂಥ ವರ್ತಕರ ತಂಡಕ್ಕೆ ಸಾರ್ಥವೆಂದೂ ಅದರ ನಾಯಕನಿಗೆ ಸಾರ್ಥವಾಹನೆಂದೂ ಹೆಸರು. ಒಬ್ಬನೇ ಒಬ್ಬ ವರ್ತಕನು ಒಂದೇ ಎತ್ತನ್ನು ಹೊಡೆದುಕೊಂಡು ಅರಣ್ಯವನ್ನು ದಾಟಿದರೆ ಅದು ಸಾರ್ಥವಾಗದು. ಅನೇಕರು ಒಂದೇ ಹೆಜ್ಜೆಯ ಲಯದಲ್ಲಿ ಸಾಲಾಗಿ ಸಾಗಿದಾಗ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ. ಈ ಸಾಲು ಎಂಬ ಭಾವನೆಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ.

ಹೇರಿನ ಜೊತೆಗೆ ಸಂಸಾರವನ್ನೂ ನಡೆಸಿದವರು ಲಂಬಾಣಿಗರು. ಉಪ್ಪನ್ನೂ ಧಾನ್ಯವನ್ನೂ ಎತ್ತುಗಳ ಮೇಲೆ ಹೊರಿಸಿ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿಸುತ್ತಿದ್ದ ಈ ಜನರು ಮನೆಯಿಂದ ಹೊರಟು ಮನೆಗೆ ಮರಳುವ ವರ್ತಕರಾಗಿರಲಿಲ್ಲ. ಅವರ ಮನೆಯೇ ಅವರೊಡನೆ ನಡೆಯುತ್ತಿದ್ದಿತು. 1632ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಸಂಚರಿಸಿದ ಪೀಟರ್ ಮಂಡಿಯೆಂಬ ಆಂಗ್ಲ ಪ್ರವಾಸಿಯು ಹಾದಿಯಲ್ಲಿ ಎದುರಾದ ಒಂದು ತಾಂಡಾದಲ್ಲಿ 14,000 ಎತ್ತುಗಳು ಧಾನ್ಯವನ್ನು ಹೊತ್ತು ಸಾಗುತ್ತಿದ್ದುದನ್ನೂ, ಹೆಂಗಸರೂ ಮಕ್ಕಳೂ ಜೊತೆಗಿದ್ದುದನ್ನೂ ಬರೆದಿಟ್ಟಿದ್ದಾನೆ. ಹಾದಿಯಲ್ಲಿಯೇ ಹೆರಿಗೆ, ಹಾದಿಯಲ್ಲಿಯೇ ಮದುವೆ, ಹಾದಿಯಲ್ಲಿಯೇ ಮರಣ. ನಾಯಕನೆಂಬ ಹಿರಿಯನು ಬಿಡಾರವನ್ನು ಎಲ್ಲಿ ಬಿಡಬೇಕೆಂದು ನಿರ್ಣಯಿಸಿದನೋ ಅದೇ ಅಂದಿನ ಊರು.

ನಮ್ಮ ಸೀಮೆಯ ಇತಿಹಾಸವೂ ಎತ್ತಿನ ಬೆನ್ನಿನ ಇತಿಹಾಸವೇ. 1785ರಲ್ಲಿ ಟಿಪ್ಪು ಸುಲ್ತಾನನ ಸೇನೆಯು ನರಗುಂದದ ಕೋಟೆಯನ್ನು ಮುತ್ತಿದಾಗ, ಅದರಿಂದ ಹೊತ್ತಿದ ಯುದ್ಧವು 1787ರಲ್ಲಿ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿದಾಗ, ಈ ಎರಡು ಗುಡ್ಡಗಳ ನಡುವಣ ಬಯಲಿನಲ್ಲಿ ಸೇನೆಗಳು ತಿರುಗಾಡಿದುದು ಧಾನ್ಯ ಹೊತ್ತ ಎತ್ತುಗಳ ಬಲದಿಂದಲೇ. 1791-92ರಲ್ಲಿ ಶ್ರೀರಂಗಪಟ್ಟಣದತ್ತ ನಡೆದ ಕಾರ್ನ್‌ವಾಲಿಸನ ದಂಡಿಗೆ ಅನ್ನವನ್ನು ಒದಗಿಸಿದವರಲ್ಲಿ ಲಂಬಾಣಿಗರೂ ಇದ್ದರು. ಆದರೆ ದಂಡುಗಳನ್ನು ಸಾಕಿದ ಈ ನಡೆಯುವ ಊರನ್ನು ಕಾಲವು ಸಾಕಲಿಲ್ಲ. 1884ರಲ್ಲಿ ಗದಗಿನಿಂದ ಹೊಟಗಿಗೆ ಹೋಗುವ ರೈಲುದಾರಿಯು ತೆರೆದು, ನಮ್ಮ ಹೊಳೆಆಲೂರಿನ ಬಳಿಯಲ್ಲಿ ಮಲಪ್ರಭೆಯ ಮೇಲೆ ಉಗಿಬಂಡಿಯು ಹೊಗೆ ಕಾರುತ್ತ ದಾಟತೊಡಗಿದ ಮೇಲೆ, ಹೇರೆತ್ತುಗಳು ದಿನಗಟ್ಟಲೆ ಹೊರುತ್ತಿದ್ದ ಭಾರವನ್ನು ಒಂದು ರಾತ್ರಿಯಲ್ಲಿ ಸಾಗಿಸುವ ಯಂತ್ರದ ಮುಂದೆ ತಾಂಡಾವು ನಿಲ್ಲಲೇಬೇಕಾಯಿತು. ಅತ್ತ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು, ನೆಲೆಯಿಲ್ಲದೆ ಅಲೆಯುವುದನ್ನೇ ಅಪರಾಧದ ಲಕ್ಷಣವೆಂಬಂತೆ ಕಂಡು, ಶತಮಾನಗಳಿಂದ ಜನರಿಗೆ ಉಪ್ಪು ತಂದುಕೊಟ್ಟ ಸಮುದಾಯಗಳ ಮೇಲೆ ಕಳಂಕವನ್ನು ಹೊರಿಸಿತು. ಸ್ವತಂತ್ರ ಭಾರತವು 1952ರಲ್ಲಿ ಆ ಕಳಂಕವನ್ನು ಕಾಯಿದೆಯ ಪುಟದಿಂದ ಅಳಿಸಿತು. ಗಜೇಂದ್ರಗಡದ ಗುಡ್ಡದ ಸೆರಗಿನಲ್ಲಿ ಇಂದು ಕಾಣುವ ತಾಂಡಾಗಳು ಹಾಗೆ ನಿಂತ ನಡಿಗೆಯ ಗುರುತುಗಳು. ಊರು ನಿಂತಿತು, ತಾಂಡಾ ಎಂಬ ಹೆಸರು ಮಾತ್ರ ಇನ್ನೂ ನಡೆಯುವವರ ಹೆಸರೇ ಆಗಿ ಉಳಿಯಿತು.

ಹೇರು ನಿಂತ ಕಾಲದಲ್ಲಿಯೇ ಗಾಲಿಯು ಮುಂದೆ ಬಂದಿತು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಯನ್ನು ಗುಂಬದ ಮಟ್ಟಕ್ಕೆ ನುಂಗಿಬಿಡುವಂಥದು; ಬೇಸಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಡುವಂಥದು. ಇಂಥ ನೆಲದಲ್ಲಿ ಬಂಡಿಯು ಮನೆಮನೆಯ ವಸ್ತುವಾಗಬೇಕಾದರೆ ಹಾದಿಯೂ ಬೇಕು, ಹಾದಿಗೆ ತಕ್ಕ ಕಾರಣವೂ ಬೇಕು. ಆ ಕಾರಣವನ್ನು ಒದಗಿಸಿದುದು ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ 1861ರ ತರುವಾಯ ಅಲ್ಲಿಯ ಹತ್ತಿಯು ಇಂಗ್ಲೆಂಡನ್ನು ತಲುಪದಾಗಿ, ಧಾರವಾಡ ಸೀಮೆಯ ಅರಳೆಗೆ ಬೇಡಿಕೆಯೇರಿದಾಗ, ಘಟ್ಟವನ್ನಿಳಿದು ಕುಮಟೆ, ಕಾರವಾರಗಳ ಬಂದರಿಗೆ ಹೋಗುವ ದಾರಿಗಳು ಹಸನಾದವು. ಕಬ್ಬಿಣದ ಹಳಿಯನ್ನು ತೊಡಿಸಿದ ಗಾಲಿಯ ಚಕ್ಕಡಿಯು ಒಕ್ಕಲಿನ ಅಂಗವಾಯಿತು. ಎರೆಯಲ್ಲಿ ಜಗ್ಗುವ ಎದೆಗಾರಿಕೆಯ ಕೃಷ್ಣಾ ಕಣಿವೆಯ ಎತ್ತುಗಳೂ, ಹಾದಿಯಲ್ಲಿ ಹಾರುವಂತೆ ಓಡುವ ಖಿಲಾರಿಗಳೂ ಅದಕ್ಕೆ ಹೂಡಲ್ಪಟ್ಟವು. ಸುಗ್ಗಿಯ ಭಾರವನ್ನು ಹೊತ್ತ ಬಂಡಿಯು ದೇವರಿಗೆ ಹೋಗುವ ಸಂಸಾರವನ್ನು ಹೊರದೆ ಇದ್ದೀತೆ? ದಬ್ಬೆಯನ್ನು ಬಾಗಿಸಿ, ಮೇಲೆ ತಟ್ಟನ್ನೋ ದಪ್ಪ ಬಟ್ಟೆಯನ್ನೋ ಹೊದಿಸಿ, ಬಿಸಿಲಿಗೂ ಮಂಜಿಗೂ ತಡೆಯೊಡ್ಡಿದಾಗ ಕೊಲ್ಲಾರಿಬಂಡಿಯು ಸಿದ್ಧವಾಯಿತು.

ಅದರೊಳಗಿನ ಸಂಸಾರದ ಕ್ರಮವನ್ನು ನಾನು ಬಾಲ್ಯದಲ್ಲಿ ಕಂಡಂತೆ ಹೇಳುತ್ತೇನೆ. ತಳಕ್ಕೆ ಎತ್ತಿನ ಮೇವಾದ ಹೊಟ್ಟು ಮತ್ತು ಕಣಿಕೆ, ಅದರ ಮೇಲೆ ಜಮಖಾನೆ, ಅದರ ಮೇಲೆ ಕೌದಿ. ಹೀಗಾಗಿ ಎತ್ತುಗಳು ಮೇವನ್ನು ತಿಂದಂತೆಲ್ಲ ನಮ್ಮ ಹಾಸಿಗೆಯು ದಿನದಿನಕ್ಕೂ ತೆಳ್ಳಗಾಗುತ್ತಿದ್ದಿತು. ಹಿಂಬದಿಯ ಬುಟ್ಟಿಗಳಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಟಕ ರೊಟ್ಟಿ, ಶೇಂಗಾ, ಗುರೆಳ್ಳು, ಅಗಸಿಯ ಹಿಂಡಿಗಳು, ಶೇಂಗಾ ಹೋಳಿಗೆ, ಮಾದಲಿ. ಹೊರಡುವ ಮುನ್ನ ಎಂಟು ದಿನ ನೆರೆಹೊರೆಯ ಹೆಂಗಸರೆಲ್ಲ ಸರದಿಯ ಮೇಲೆ ಒಬ್ಬರ ಮನೆಯ ರೊಟ್ಟಿಯನ್ನು ಇನ್ನೊಬ್ಬರು ಬಡಿದುಕೊಡುತ್ತಿದ್ದರು. ಬಂಡಿಯ ಅಚ್ಚಿಗೆ ತೂಗುಹಾಕಿದ ಕಂದೀಲೇ ನಮ್ಮ ಬೀದಿದೀಪ. ಅಜ್ಜನ ಬಂಡಿಯು ಯಾವಾಗಲೂ ಸಾಲಿನ ಕೊನೆಗೆ. ಆತನು ರಾತ್ರಿಯೆಲ್ಲ ಮುಂದಿನ ಕಂದೀಲುಗಳನ್ನು ಎಣಿಸುತ್ತ ಬರುತ್ತಿದ್ದನು. ಹದಿನಾಲ್ಕರಲ್ಲಿ ಒಂದು ಕಾಣದಿದ್ದರೆ “ನಿಂದರ್ರಿ!” ಎಂದು ಕೂಗುವನು; ಸಾಲಿಗೆ ಸಾಲೇ ನಿಲ್ಲುವುದು.

ಒಂದು ವರ್ಷ ಚೊಳಚಗುಡ್ಡದ ಈಚೆ, ಮಲಪ್ರಭೆಯ ಪಾತ್ರವನ್ನು ದಾಟುವಾಗ ನಮ್ಮದೇ ಬಂಡಿಯ ಒಂದು ಗಾಲಿಯು ಉಸುಕಿನಲ್ಲಿ ಇಳಿದುಹೋಯಿತು. ಎತ್ತುಗಳು ಮುಗ್ಗರಿಸಿದವು, ನೊಗ ಒಂದು ಕಡೆಗೆ ವಾಲಿತು, ಹೊಳೆಯ ತಣ್ಣನೆಯ ನೀರು ಹಲಗೆಯ ಸಂದಿನಿಂದೇರಿ ಕೌದಿಯ ಅಂಚನ್ನು ಮುಟ್ಟಿತು. ನನ್ನ ತಂಗಿಯು ಅಳತೊಡಗಿದಳು. ಮೊದಲು ಮಕ್ಕಳನ್ನು, ಆಮೇಲೆ ರೊಟ್ಟಿಯ ಬುಟ್ಟಿಯನ್ನು ಅವ್ವನು ದಂಡೆಗೆ ದಾಟಿಸಿದಳು. ಆಗಲೇ ಆಚೆಯ ದಂಡೆಯನ್ನು ಏರಿದ್ದ ಬಂಡಿಗಳು ನಿಂತವು. “ಅಂಜಬ್ಯಾಡ್ರಿ ಅಜ್ಜಾರ, ನಾವ್ ಬಂದ್ವಿ” ಎನ್ನುತ್ತ ಧೋತರವನ್ನು ಮೇಲೆ ಕಟ್ಟಿದ ಹತ್ತು ಮಂದಿಯು ನೀರಿಗಿಳಿದು, ಇಬ್ಬರು ಮೂಕಿಗೆ, ಉಳಿದವರು ಗಾಲಿಗೆ ಹೆಗಲು ಕೊಟ್ಟು ಒಂದೇ ಉಸಿರಿಗೆ ಎತ್ತಿಬಿಟ್ಟರು. ಯಾರೂ ಉಪಕಾರವೆಂದು ಹೇಳಲಿಲ್ಲ, ಯಾರೂ ಕೃತಜ್ಞತೆಯನ್ನು ನುಡಿಯಲಿಲ್ಲ. ಆ ರಾತ್ರಿ ನಮ್ಮ ಒದ್ದೆ ಕೌದಿಗಳು ಹತ್ತು ಬಂಡಿಗಳ ಒಲೆಗಳ ಮುಂದೆ ಹಂಚಿಕೊಂಡು ಒಣಗಿದವು.

ಬನಶಂಕರಿಯ ಬಯಲಿನಲ್ಲಿ ಬಂಡಿಗಳ ಮೂಕಿಯನ್ನು ನೆಲಕ್ಕೂರಿ ಬಿಟ್ಟಾಗ ಅಲ್ಲೊಂದು ಪಟ್ಟಣವು ತಾನಾಗಿ ಹುಟ್ಟುತ್ತಿದ್ದಿತು. ಹರಿದ್ರಾತೀರ್ಥದಲ್ಲಿ ಸ್ನಾನ, ಮೂರು ಕಲ್ಲಿನ ಒಲೆಯ ಮೇಲೆ ನೈವೇದ್ಯ. ಶಾಕಂಭರಿಯಾದ ದೇವಿಗೆ 108 ಬಗೆಯ ಪಲ್ಯಗಳನ್ನರ್ಪಿಸುವ ಪಲ್ಲೇದ ಹಬ್ಬ. ರಾತ್ರಿ ಬೆಳಗಿನ ತನಕ ನಾಟಕ. ಆ ನಾಟಕ ಕಂಪನಿಗಳ ಡೇರೆಯ ಹಿಂದೆಯೂ ಸಂಸಾರಗಳಿದ್ದವು. ರಾಣಿಯ ಪಾತ್ರಧಾರಿಣಿಯು ಬೆಳಗ್ಗೆ ಮಗುವಿಗೆ ಎಣ್ಣೆ ತಿಕ್ಕುತ್ತ ಕುಳಿತಿರುವುದನ್ನು ನಾನು ಕಂಡು ಬೆರಗಾಗಿದ್ದೆನು. ನನ್ನ ಅವ್ವನ ಮುಖದಲ್ಲಿ ಆ ದಿನಗಳಲ್ಲಿ ಕಾಣುತ್ತಿದ್ದ ಪ್ರಸನ್ನತೆಯನ್ನು ಊರಿನ ಮನೆಯಲ್ಲಿ ಕಂಡುದಿಲ್ಲ. ಕತ್ತಲೆಯ ಅಡುಗೆಮನೆಯಲ್ಲಿ ಹಗಲು ಕಳೆಯುವ ಸೊಸೆಗೆ, ಗೋಡೆಯಿಲ್ಲದ ಅಡುಗೆಮನೆಯಲ್ಲಿ ಆಕಾಶದ ಕೆಳಗೆ, ಪಕ್ಕದ ಬಂಡಿಯವಳೊಡನೆ ಮಾತನಾಡುತ್ತ ರೊಟ್ಟಿ ಬಡಿಯುವ ಸ್ವಾತಂತ್ರ್ಯವನ್ನು ವರ್ಷಕ್ಕೊಮ್ಮೆ ಕೊಟ್ಟುದು ಆ ಕೊಲ್ಲಾರಿ.

ಗದಗ-ಹೊಟಗಿಯ ರೈಲು ಓಡತೊಡಗಿದ ಮರುವರ್ಷವೇ, 1885ರಲ್ಲಿ, ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ-ಲೇಖಕನು ಬ್ರಿಸ್ಟಲ್ಲಿನ ಬಂಡಿ ಕಾರ್ಖಾನೆಯಲ್ಲಿ ಕುದುರೆಗಳು ಎಳೆಯುವ ಮನೆಯೊಂದನ್ನು ಕಟ್ಟಿಸಿ, ಅದಕ್ಕೆ ‘ವಾಂಡರರ್’ ಎಂದು ಹೆಸರಿಟ್ಟು ವಿಹಾರಕ್ಕೆ ಹೊರಟನು. ಪಶ್ಚಿಮದ ವಿಹಾರವಾಹನಗಳ ಪರಂಪರೆಯು ಅಲ್ಲಿಂದ ಆರಂಭವೆನ್ನುತ್ತಾರೆ. 1910ರಲ್ಲಿ ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿಯು ಅದಕ್ಕೆ ಮೋಟಾರನ್ನೂ ಜೋಡಿಸಿತು. ಆ ವೈದ್ಯನ ಬಂಡಿಯು ಜನಜಂಗುಳಿಯಿಂದ ದೂರವಾಗಿ ಪ್ರಕೃತಿಯ ಏಕಾಂತವನ್ನು ಅರಸಿ ಹೊರಟಿತು. ನಮ್ಮದು ಏಕಾಂತದಿಂದ ಜನದ ಕಡೆಗೆ ಹೊರಟಿತು. ಎರಡೂ ಮನುಷ್ಯನಿಗೆ ಬೇಕಾದವೇ; ಆದರೂ ನಮ್ಮ ನೆಲದಲ್ಲಿ ಮನೆಯು ಎಂದೂ ಒಂಟಿಯಾಗಿ ಚಲಿಸಲಿಲ್ಲವೆಂಬ ಸತ್ಯವನ್ನು ನಾವು ಮರೆಯಲಾಗದು. ಸ್ಥಿರವಾದ ಮನೆಗೆ ಕಲ್ಲು-ಮಣ್ಣಿನ ಗೋಡೆಯಿದ್ದಂತೆ, ಚಲಿಸುವ ಮನೆಗೆ ಸಾಲೇ ಗೋಡೆ.

ಕಾಲವು ಬದಲಾಯಿತು. ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಯ ನೀರು ನರಗುಂದದ ಹೊಲಗಳಿಗೆ ಬಂದಿತು; ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿತು. ಈಗ ಟ್ರಾಲಿಯ ಮೇಲೆ ತಾಡಪತ್ರಿಯನ್ನು ಕಮಾನಾಗಿ ಕಟ್ಟಿ, ಗ್ಯಾಸಿನ ಒಲೆಯನ್ನೂ ನೀರಿನ ಕ್ಯಾನನ್ನೂ ಇಟ್ಟುಕೊಂಡು “ಉಧೋ ಉಧೋ” ಎನ್ನುತ್ತ ಗುಡ್ಡಕ್ಕೆ ಹೋಗುವ ಸಂಸಾರಗಳನ್ನು ನೋಡಿದಾಗ, ಕೊಲ್ಲಾರಿಯು ಸತ್ತಿಲ್ಲ, ಮೈ ಬದಲಿಸಿದೆಯಷ್ಟೇ ಎಂದು ನನಗೆ ಸಮಾಧಾನವಾಗುತ್ತದೆ. ಕುರುಬರ ಹಟ್ಟಿಗಳು ಇಂದಿಗೂ ಕುದುರೆಯ ಬೆನ್ನಿನ ಮೇಲೆ ಮರಿಗಳನ್ನೂ ಪಾತ್ರೆಗಳನ್ನೂ ಹೇರಿಕೊಂಡು ಈ ಹೊಲಗಳನ್ನು ಹಾಯುತ್ತವೆ. ಹೊಲದ ಒಡೆಯನು ಕುರಿಗೊಬ್ಬರದ ಆಸೆಯಿಂದ ಅವರನ್ನು ಕರೆದು ಇಳಿಸಿಕೊಳ್ಳುತ್ತಾನೆ.

ಆದರೆ ನನ್ನ ಮನಸ್ಸನ್ನು ನೋಯಿಸುವ ಇನ್ನೊಂದು ಚಲನೆಯಿದೆ. ಸುಗ್ಗಿ ಮುಗಿದೊಡನೆ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಪಾತ್ರೆಗಳ ಗಂಟು, ಕೌದಿಯ ಸುರುಳಿ, ಕಂಕುಳಲ್ಲಿ ಕೂಸು ಇವುಗಳೊಡನೆ ಗುಳೆ ಹೊರಡುವ ಸಂಸಾರಗಳೂ ಮನೆಯನ್ನು ಹೊತ್ತೇ ಹೊರಟಿರುತ್ತವೆ. ಅವರ ಅಜ್ಜ-ಮುತ್ತಜ್ಜರು ಸಾವಿರ ಎತ್ತುಗಳ ಸಾಲಿನಲ್ಲಿ ನಡೆದವರಿರಬಹುದು. ಇವರು ಒಂದೊಂದೇ ಕುಟುಂಬವಾಗಿ, ಗುರುತಿಲ್ಲದ ನಗರದ ಯಾವುದೋ ಕಟ್ಟಡದ ಪಕ್ಕದ ಗುಡಿಸಲಿಗೆ ಹೋಗುತ್ತಾರೆ. ಅವರ ಗಾಲಿ ಎಲ್ಲಾದರೂ ಹೂತರೆ ಹೆಗಲು ಕೊಡಲು ಹಿಂದೆ ಬರುವ ಬಂಡಿಯಿಲ್ಲ. ಕೂಸು ಕಲಿಯಬೇಕಾದ ಶಾಲೆ, ಕಾಯಿಲೆಗೆ ಔಷಧ, ಪಡಿತರದ ಧಾನ್ಯ ಇವು ಅವರ ಹಿಂದೆಯೇ ನಡೆದುಬರುವಂತೆ ಮಾಡುವುದು ಇಂದಿನ ಸಮಾಜದ ಹೊಣೆ. ಕಳೆದುಹೋದ ಸಾಲನ್ನು ಮತ್ತೆ ಕಟ್ಟುವ ಬಗೆ ಅದೊಂದೇ.

ಕಳೆದ ಬನದ ಹುಣ್ಣಿಮೆಯ ಹಿಂದಿನ ರಾತ್ರಿ ರೋಣದ ಹಾದಿಯಲ್ಲಿ ನಿಂತಿದ್ದೆನು. ಆರು ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋದವು. ಕೊನೆಯ ಟ್ರಾಲಿಯ ತಾಡಪತ್ರಿಯ ಸೆರಗನ್ನು ಸರಿಸಿ ಒಬ್ಬ ಮುದುಕಿಯು ಹೊರಗೆ ಇಣುಕಿ, ಬೆರಳು ಮಡಚುತ್ತ ಮುಂದಿನ ಕೆಂಪು ದೀಪಗಳನ್ನು ಎಣಿಸುತ್ತಿದ್ದಳು. ಐದೂ ಕಂಡ ಮೇಲೆ ಸೆರಗನ್ನು ಬಿಟ್ಟು ಒಳಗೆ ಸರಿದಳು.