ರಾತ್ರಿಯಿಡೀ ಬಾಗಿಲು ತೆರೆದಿದ್ದ ಹೊಲಿಗೆ ಅಂಗಡಿ

1988ರ ಆಗಸ್ಟ್‌ನಲ್ಲಿ ಒಂದು ದಿನ, ಇನ್ನೂ ಬೆಳಕು ಹರಿದಿರಲಿಲ್ಲ, ನ್ಯೂಯಾರ್ಕಿನ ಹಾರ್ಲೆಮ್‌ನ 125ನೇ ಬೀದಿಯಲ್ಲಿ ಇಬ್ಬರು ಬಾಕ್ಸರುಗಳು ಕೈಕೈ ಮಿಲಾಯಿಸಿದರು. ಒಬ್ಬರು ಆಗಿನ ಹೆವಿವೇಟ್ ವಿಶ್ವ ಚಾಂಪಿಯನ್ ಮೈಕ್ ಟೈಸನ್, ಇನ್ನೊಬ್ಬರು ಮಿಚ್ ಗ್ರೀನ್. ಟೈಸನ್ ಅವರ ಕೈಮೂಳೆ ಮುರಿಯಿತು, ಸುದ್ದಿ ಎಲ್ಲೆಡೆ ಹರಡಿತು. ಆ ಹೊತ್ತಿನಲ್ಲಿ ಅವರು ಅಲ್ಲಿಗೆ ಹೋಗಿದ್ದು ಹೊಲಿಯಲು ಕೊಟ್ಟಿದ್ದ ಚರ್ಮದ ಜಾಕೆಟ್ ತರಲು. ಹಗಲು ರಾತ್ರಿ ಎನ್ನದೆ, ವಾರದ ಏಳೂ ದಿನ ತೆರೆದಿರುತ್ತಿದ್ದ ಆ ಬಟ್ಟೆ ಅಂಗಡಿಯ ಹೆಸರು ‘ಡ್ಯಾಪರ್ ಡ್ಯಾನ್ಸ್ ಬುಟೀಕ್’.

ಇಂದು ಜಗತ್ತಿನ ದೊಡ್ಡ ಫ್ಯಾಷನ್ ಕಂಪನಿಗಳು ಬೀದಿಯ ಉಡುಗೆಯನ್ನು ರ‍್ಯಾಂಪ್ ಮೇಲೆ ತಂದು ಲಕ್ಷಗಟ್ಟಲೆ ಬೆಲೆಗೆ ಮಾರುತ್ತವೆ. ಆ ದಾರಿ ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತಾ ಹೋದರೆ ಈ ಅಂಗಡಿಯ ಮುಂದೆ ನಿಲ್ಲಲೇಬೇಕಾಗುತ್ತದೆ.

ಡ್ಯಾಪರ್ ಡ್ಯಾನ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಡೇನಿಯಲ್ ಡೇ ಹುಟ್ಟಿದ್ದು 1944ರಲ್ಲಿ, ಹಾರ್ಲೆಮ್‌ನಲ್ಲೇ. ತೂತು ಬಿದ್ದ ಬೂಟಿನಲ್ಲಿ ಓಡಾಡುವಂಥ ಬಡತನ. ಹರೆಯದಲ್ಲಿ ದಾಳದ ಜೂಜಿನಲ್ಲಿ ಪಳಗಿ ಕಾಸು ಕಂಡರು. ಹೊಲಿಗೆ ಕಲಿತವರಲ್ಲ, ಫ್ಯಾಷನ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕಪ್ಪು ಜನರಿಗೆ ಮನೆ, ಕೆಲಸ, ಸಾಲ ಯಾವುದೂ ಸಲೀಸಾಗಿ ಸಿಗದ ಊರಿನಲ್ಲಿ ಮೈಮೇಲಿನ ಬಟ್ಟೆಗೆ ಎಂಥ ಮಹತ್ವವಿದೆ ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. 1974ರ ಆಫ್ರಿಕಾ ಪ್ರವಾಸದಲ್ಲಿ ಅಲ್ಲಿನ ದರ್ಜಿಯಿಂದ ತಮಗೆ ಬೇಕಾದ ಹಾಗೆ ಬಟ್ಟೆ ಹೊಲಿಸಿಕೊಂಡಾಗ, ಮನಸ್ಸಿನಲ್ಲಿ ಕಂಡದ್ದನ್ನು ಇನ್ನೊಬ್ಬರ ಕೈಯಿಂದ ಮಾಡಿಸಬಹುದು ಎಂಬುದು ಖಾತ್ರಿಯಾಯಿತು.

1982ರಲ್ಲಿ ಅಂಗಡಿ ತೆರೆದು ಮೊದಲು ತುಪ್ಪಳದ ಕೋಟು ಮಾರಿದರು. ಹೆಸರಾಂತ ಕಂಪನಿಗಳ ಮಾಲು ಸಗಟಿಗೆ ಕೇಳಿದರೆ ಹಾರ್ಲೆಮ್‌ನ ಅಂಗಡಿಗೆ ಕೊಡಲು ಅವು ತಯಾರಿರಲಿಲ್ಲ. ಹೀಗಿರುವಾಗ ಗಿರಾಕಿಯೊಬ್ಬರು ಲೂಯಿ ವಿಟಾನ್ ಕಂಪನಿಯ ಗುರುತಿದ್ದ ಕೈಚೀಲ ಹಿಡಿದು ಬಂದರು. ಅಂಗಡಿಯಲ್ಲಿದ್ದವರ ಕಣ್ಣೆಲ್ಲ ಅದರ ಮೇಲೆಯೇ. ಅಷ್ಟು ಪುಟ್ಟ ಚೀಲಕ್ಕೆ ಇಷ್ಟು ಮರುಳಾಗುವವರು ಆ ಗುರುತನ್ನು ಮೈತುಂಬ ಹೊದ್ದರೆ ಹೇಗಿದ್ದೀತು ಎಂದು ಡ್ಯಾಪರ್ ಡ್ಯಾನ್ ಅವರಿಗೆ ಹೊಳೆದದ್ದು ಆಗ.

ಮೊದಮೊದಲು ಕಂಪನಿಗಳ ಚೀಲಗಳನ್ನೇ ಕೊಂಡು ತಂದು, ಕತ್ತರಿಸಿ, ಅಂಚಿಗೆ ಪಟ್ಟಿಯಾಗಿ ಹೊಲಿಸಿದರು. ಚೀಲವೊಂದರಿಂದ ಸಿಗುವ ತುಂಡು ಎಷ್ಟು ಮಹಾ? ಆಗ ಸ್ಕ್ರೀನ್ ಪ್ರಿಂಟಿಂಗಿಗೆ ಕೈ ಹಾಕಿದರು. ಬಟ್ಟೆಯ ಮೇಲೆ ಅಚ್ಚು ಹಾಕುವುದು ಸುಲಭ, ಚರ್ಮದ ಮೇಲೆ ಕಷ್ಟ. ಚರ್ಮ ಮಡಚುತ್ತದೆ, ಬೆವರು ತಾಗುತ್ತದೆ, ಬಣ್ಣ ಬಿರುಕುಬಿಟ್ಟು ಉದುರುತ್ತದೆ. ಶಾಯಿಯ ಬಗ್ಗೆ ಓದಿ, ಪ್ರಯೋಗ ಮಾಡಿ, ಮೃದುವಾದ ಕುರಿಚರ್ಮದ ಮೇಲೆ ಅಚ್ಚು ನಿಲ್ಲುವಂತೆ ಮಾಡಿದರು. ಹೊಲಿಗೆ ಯಂತ್ರದ ಮುಂದೆ ಕೂತವರು ಸೆನೆಗಲ್‌ನಿಂದ ವಲಸೆ ಬಂದಿದ್ದ ದರ್ಜಿಗಳು. ಗಿರಾಕಿಗಳಲ್ಲಿ ರ‍್ಯಾಪ್ ಹಾಡುಗಾರರು, ಕ್ರೀಡಾಪಟುಗಳು, ಜೂಜುಕೋರರು ಇದ್ದಂತೆ ಮಾದಕ ವಸ್ತು ಮಾರುವವರೂ ಇದ್ದರು. ರಾತ್ರಿ ಬದುಕುವವರೇ ಹೆಚ್ಚು, ಹಾಗಾಗಿ ಅಂಗಡಿಗೂ ರಾತ್ರಿಯೇ ಕಳೆ. ಕೆಲವರಿಗೆ ಗುಂಡು ತಡೆಯುವ ಪದರ ಇಟ್ಟು ಜಾಕೆಟ್ ಹೊಲಿದುಕೊಟ್ಟದ್ದೂ ಉಂಟು, ಕಾರಿನ ಸೀಟಿಗೆ ಲೋಗೊ ಹೊದಿಸಿದ್ದೂ ಉಂಟು.

ಅನುಮತಿ ಕೇಳದೆ ಇನ್ನೊಬ್ಬರ ಗುರುತು ಬಳಸಿದ್ದು ಕಾನೂನಿನ ಕಣ್ಣಿನಲ್ಲಿ ತಪ್ಪೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನಮ್ಮ ಸಂತೆಗಳಲ್ಲಿ ಸಿಗುವ ನಕಲಿ ಬ್ರ್ಯಾಂಡಿನ ಟೀ ಶರ್ಟಿನ ಸಾಲಿಗೆ ಇದನ್ನು ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ನಕಲು ಮಾಡುವವರು ಕಂಪನಿ ಮಾಡಿದ್ದನ್ನೇ ಅಗ್ಗದಲ್ಲಿ ಮಾಡುತ್ತಾರೆ. ಡ್ಯಾಪರ್ ಡ್ಯಾನ್ ಮಾಡಿದ್ದನ್ನು ಕಂಪನಿಗಳು ಆಗಿನ್ನೂ ಮಾಡಿಯೇ ಇರಲಿಲ್ಲ. ಲೂಯಿ ವಿಟಾನ್ ಆ ಕಾಲದಲ್ಲಿ ಪೆಟ್ಟಿಗೆ, ಚೀಲಗಳ ಕಂಪನಿ. ಅದರ ಸಿದ್ಧ ಉಡುಪು ಶುರುವಾದದ್ದು 1997ರಲ್ಲಿ ವಿನ್ಯಾಸಕಾರ ಮಾರ್ಕ್ ಜೇಕಬ್ಸ್ ಬಂದ ಮೇಲೆ. ಅಷ್ಟು ಹೊತ್ತಿಗೆ ಹಾರ್ಲೆಮ್‌ನ ಅಂಗಡಿ ಮುಚ್ಚಿ ಐದು ವರ್ಷವಾಗಿತ್ತು.

ಟೈಸನ್ ಹೊಡೆದಾಟದ ಸುದ್ದಿಯಿಂದಾಗಿ ಅಂಗಡಿ ಕಂಪನಿಗಳ ಕಣ್ಣಿಗೂ ಬಿತ್ತು. ದಾಳಿಗಳು ನಡೆದವು, ಮಾಲು ಜಪ್ತಿಯಾಯಿತು. ಇಟಲಿಯ ಫೆಂಡಿ ಹೂಡಿದ ಕಾನೂನು ಸಮರದ ಬಳಿಕ 1992ರಲ್ಲಿ ಬಾಗಿಲು ಬಿತ್ತು. ಫೆಂಡಿಯ ಪರವಾಗಿದ್ದ ವಕೀಲರಲ್ಲಿ ಸೋನಿಯಾ ಸೊಟೊಮೇಯರ್ ಒಬ್ಬರು. ಈಗ ಅವರು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಮುಂದಿನ ಎರಡು ದಶಕಗಳಿಗೂ ಹೆಚ್ಚು ಕಾಲ ಡ್ಯಾಪರ್ ಡ್ಯಾನ್ ತೆರೆಮರೆಯಲ್ಲೇ ದುಡಿದರು.

ಬೀದಿ ಮಾತ್ರ ನಿಲ್ಲಲಿಲ್ಲ. ಹಿಪ್-ಹಾಪ್ ಹಾಡುಗಾರರು ತೊಟ್ಟದ್ದನ್ನು ಟಿ.ವಿ. ಊರೂರಿಗೆ ಮುಟ್ಟಿಸಿತು. ದೊಡ್ಡ ಲೋಗೊ, ದೊಗಲೆ ಜಾಕೆಟ್, ಕ್ರೀಡಾ ಉಡುಪಿಗೆ ದುಬಾರಿ ಚರ್ಮ, ಎಲ್ಲವೂ ಒಂದೊಂದಾಗಿ ಪ್ಯಾರಿಸ್, ಮಿಲಾನ್ ಸೇರಿದವು. 2017ರ ಮೇ ತಿಂಗಳಲ್ಲಿ ಫ್ಲಾರೆನ್ಸ್‌ನಲ್ಲಿ ಗುಚ್ಚಿ ಕಂಪನಿಯ ಪ್ರದರ್ಶನ. ರೂಪದರ್ಶಿಯೊಬ್ಬರು ತೊಟ್ಟ ತುಪ್ಪಳದ ಜಾಕೆಟ್ಟಿಗೆ ಬಲೂನಿನಂತೆ ಉಬ್ಬಿದ ತೋಳು, ತೋಳಿನ ತುಂಬ ಲೋಗೊ. 1989ರಲ್ಲಿ ಡ್ಯಾಪರ್ ಡ್ಯಾನ್ ಒಲಿಂಪಿಕ್ ಓಟಗಾರ್ತಿ ಡಯೇನ್ ಡಿಕ್ಸನ್ ಅವರಿಗೆ ಹೊಲಿದುಕೊಟ್ಟ ಜಾಕೆಟ್ಟಿನ ಪಡಿಯಚ್ಚು ಅದು. ಅಂದು ತೋಳಿನ ಮೇಲೆ ಲೂಯಿ ವಿಟಾನ್ ಗುರುತಿತ್ತು, ಈಗ ಗುಚ್ಚಿಯದು, ವ್ಯತ್ಯಾಸ ಅಷ್ಟೇ. ಡಿಕ್ಸನ್ ಸ್ವತಃ ತಮ್ಮ ಹಳೆಯ ಫೋಟೊವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿ, ಇದನ್ನು ಮೊದಲು ಮಾಡಿದವರು ಯಾರೆಂದು ಸಾರಿದರು.

ಅಮೆರಿಕದ ಕಾನೂನು ಲೋಗೊವನ್ನು ಕಟ್ಟುನಿಟ್ಟಾಗಿ ಕಾಯುತ್ತದೆ. ಬಟ್ಟೆಯ ಕತ್ತರಿಕೆಗೆ, ತೋಳಿನ ಆಕಾರಕ್ಕೆ ಆ ರಕ್ಷಣೆ ಬಹುಮಟ್ಟಿಗೆ ಇಲ್ಲ. ಲೋಗೊ ಇರುವುದು ಕಂಪನಿಯ ಬಳಿ, ಬೀದಿಯವರ ಬಳಿ ಇರುವುದು ಆಕಾರ, ಸೊಗಸು, ತೊಡುವ ಧೈರ್ಯ. ಹಾಗಾಗಿ ಬೀದಿಯವರು ತೆಗೆದುಕೊಂಡರೆ ಕಳ್ಳತನ, ಕಂಪನಿ ತೆಗೆದುಕೊಂಡರೆ ಗೌರವಾರ್ಪಣೆ. ಗುಚ್ಚಿ ಮೊದಲು ಹೇಳಿದ್ದೂ ಅದನ್ನೇ, ಡ್ಯಾಪರ್ ಡ್ಯಾನ್ ಅವರಿಗೆ ಸಲ್ಲಿಸಿದ ಗೌರವ ಅದು ಎಂದು. ಇದು ಅನ್ಯಾಯ ಎಂದು ಹೇಳಲು ನನಗೆ ಅಳುಕಿಲ್ಲ.

ಈ ಸಲ ಜನ ಸುಮ್ಮನಿರಲಿಲ್ಲ. ಟೀಕೆ ಜೋರಾದ ಮೇಲೆ ಗುಚ್ಚಿ ಕಂಪನಿ ಡ್ಯಾಪರ್ ಡ್ಯಾನ್ ಅವರೊಡನೆ ಒಪ್ಪಂದ ಮಾಡಿಕೊಂಡಿತು. 2018ರಲ್ಲಿ ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂದಲ್ಲಿ ಹೊಸ ಹೊಲಿಗೆಮನೆ ತೆರೆಯಿತು. ಅಲ್ಲಿಗೆ ಬೇಕಾದ ಬಟ್ಟೆ, ಚರ್ಮವನ್ನು ಗುಚ್ಚಿಯೇ ಪೂರೈಸತೊಡಗಿತು. ಒಂದು ಕಾಲಕ್ಕೆ ಚೀಲ ಕತ್ತರಿಸಿ ಲೋಗೊ ಹೊಂದಿಸಿದ ಕೈಗೆ ಈಗ ಕಂಪನಿಯ ಒಪ್ಪಿಗೆಯಿಂದಲೇ ಲೋಗೊ ಬಂತು. ಅದೇ ವರ್ಷ ಲೂಯಿ ವಿಟಾನ್ ತನ್ನ ಪುರುಷರ ಉಡುಪಿನ ಹೊಣೆಯನ್ನು ಬೀದಿ ಉಡುಗೆಯಿಂದಲೇ ಹೆಸರಾಗಿದ್ದ ವರ್ಜಿಲ್ ಅಬ್ಲೊ ಅವರಿಗೆ ವಹಿಸಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಆ ಜಾಗಕ್ಕೆ ಸಂಗೀತಗಾರ ಫೆರಲ್ ವಿಲಿಯಮ್ಸ್ ಬಂದರು.

ಡ್ಯಾಪರ್ ಡ್ಯಾನ್ ತಮ್ಮ ಆತ್ಮಕಥೆಯನ್ನು 2019ರಲ್ಲಿ ಪ್ರಕಟಿಸಿದರು. ಉಡುಪು ವಿನ್ಯಾಸ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರು ಪಠ್ಯದ ಜೊತೆಗಿಟ್ಟು ಓದಬೇಕಾದ ಪುಸ್ತಕ ಅದು. 2021ರಲ್ಲಿ ಅಮೆರಿಕದ ಫ್ಯಾಷನ್ ವಿನ್ಯಾಸಕಾರರ ಪರಿಷತ್ತು ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು. ಅದುವರೆಗೆ ಅವರು ಒಂದೇ ಒಂದು ರ‍್ಯಾಂಪ್ ಪ್ರದರ್ಶನವನ್ನೂ ನಡೆಸಿರಲಿಲ್ಲ.