ನಾನು ತೆಗೆದ ಆ ಒಂದು ಟಿಕ್

ಡಿಪ್ಲೊಮಾ ಮುಗಿಸಿ ಹಾಸನದಿಂದ ಬೆಂಗಳೂರಿಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಬಾಗಿಲುಗಳದ್ದು. ಅಮ್ಮ ಊರಿನಲ್ಲಿ ಎಲ್ಲರಿಗೂ ‘ಮಗ ನೆಟ್‌ವರ್ಕ್ ಎಂಜಿನಿಯರ್’ ಎಂದು ಹೇಳಿಕೊಂಡು ಓಡಾಡುತ್ತಾಳೆ. ಅಸಲಿಗೆ ನಾನು ಹೆಗಲಿಗೆ ಡ್ರಿಲ್ಲಿಂಗ್ ಮಷೀನು, ಬ್ಯಾಗಿನಲ್ಲಿ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡ ಕ್ರಿಂಪಿಂಗ್ ಟೂಲು ಇಟ್ಟುಕೊಂಡು ಅಪಾರ್ಟ್‌ಮೆಂಟ್‌ಗಳಿಗೆ ಹೋಗಿ ವಿಡಿಯೊ ಇಂಟರ್‌ಕಾಂ ಕೂರಿಸುವ ಹುಡುಗ. ಆರು ತಿಂಗಳು ಪ್ರೊಬೇಷನ್. ತಿಂಗಳ ಕೊನೆಯಲ್ಲಿ ಪಿ.ಜಿ. ಬಾಡಿಗೆ ಕಟ್ಟಿದ ಮೇಲೆ ಉಳಿಯುತ್ತಿದ್ದುದು ಎಷ್ಟು ಎಂದು ಕೇಳಬೇಡಿ.

ವಿಡಿಯೊ ಇಂಟರ್‌ಕಾಂ ಅಂದರೆ ನೀವೂ ನೋಡಿರುತ್ತೀರಿ. ಲಾಬಿಯ ಬಾಗಿಲ ಪಕ್ಕ ಒಂದು ಡಬ್ಬಿ. ಮನೆ ನಂಬರ್ ಒತ್ತಿದರೆ ಮೇಲೆ ರಿಂಗ್ ಆಗುತ್ತದೆ, ಮನೆಯವರು ಮುಖ ನೋಡಿ ಬಾಗಿಲು ತೆಗೆಯುತ್ತಾರೆ. ಎಲ್ಲರೂ ಅದನ್ನು ಕಾಲಿಂಗ್ ಬೆಲ್ ಎಂದುಕೊಳ್ಳುತ್ತಾರೆ. ಆದರೆ ಐಪಿ ಇಂಟರ್‌ಕಾಂ ಒಳಗೆ ಕ್ಯಾಮೆರಾ, ಮೈಕು, ಸ್ಪೀಕರ್ ಇರುವ ಒಂದು ಪುಟ್ಟ ಕಂಪ್ಯೂಟರೇ ಕೂತಿರುತ್ತದೆ. ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ಬರುತ್ತದೆ, ಚಿತ್ರವೂ ಹೋಗುತ್ತದೆ. ಯಾರೂ ಬೆಲ್ ಒತ್ತದೇ ಇದ್ದಾಗಲೂ ಅದು ನೋಡುತ್ತಿರಬಲ್ಲದು. ಹಾಗೆ ಸದಾ ಹರಿಯುವ ಆ ಚಿತ್ರಕ್ಕೆ ನಾವು ಸ್ಟ್ರೀಮ್ ಎನ್ನುತ್ತೇವೆ. ನನ್ನ ಕಥೆ ಶುರುವಾಗುವುದೇ ಅಲ್ಲಿಂದ.

ಹೊರವರ್ತುಲ ರಸ್ತೆ ಪಕ್ಕದ ಒಂದು ಅಪಾರ್ಟ್‌ಮೆಂಟ್. ನಾಲ್ಕು ಬ್ಲಾಕ್, ಬ್ಲಾಕಿಗೆ ನಾಲ್ಕು ಬಾಗಿಲು, ಒಟ್ಟು 16 ಇಂಟರ್‌ಕಾಂ. ಹದಿನಾರೂ ಬಾಗಿಲು ಸೆಕ್ಯುರಿಟಿ ರೂಮಿನ ಪರದೆಯ ಮೇಲೆ ದಿನವಿಡೀ ಕಾಣಬೇಕು, ಜತೆಗೆ ರೆಕಾರ್ಡೂ ಆಗಬೇಕು ಎಂಬುದು ಅಸೋಸಿಯೇಷನ್‌ನವರ ಬೇಡಿಕೆ. ನಮ್ಮ ಸೀನಿಯರ್ ಬೇರೆ ಸೈಟಿಗೆ ಹೋಗಬೇಕಿತ್ತು. ‘ಬ್ರೌಸರ್‌ನಲ್ಲಿ ಐಪಿ ಹೊಡಿ, ಸ್ಟ್ರೀಮಿಂಗ್ ಪೇಜ್ ತೆಗಿ, ಆರ್‌ಟಿಎಸ್‌ಪಿ ಆನ್ ಮಾಡು, ಅಷ್ಟೇ’ ಎಂದು ಹೇಳಿ ಬೈಕ್ ಹತ್ತಿ ಹೊರಟೇಬಿಟ್ಟರು.

ಅಷ್ಟೇ ಆಗಿರಲಿಲ್ಲ. ಆ ಪೇಜಿನಲ್ಲಿ ಕೋಡೆಕ್, ರೆಸಲ್ಯೂಷನ್, ಫ್ರೇಮ್ ರೇಟ್, ಬಿಟ್ ರೇಟ್ ಎಂದು ಡ್ರಾಪ್‌ಡೌನ್‌ಗಳ ಸಾಲು. ಹೊಸಬರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಎಲ್ಲದರಲ್ಲೂ ದೊಡ್ಡ ಸಂಖ್ಯೆಯನ್ನೇ ಆರಿಸಿದೆ. 1080 ರೆಸಲ್ಯೂಷನ್, 25 ಫ್ರೇಮ್, 4 ಎಂಬಿಪಿಎಸ್. ಪರದೆಯಲ್ಲಿ ಮೊದಲ ಬಾಗಿಲು ಎಷ್ಟು ಚೆನ್ನಾಗಿ ಕಂಡಿತೆಂದರೆ, ಫೋಟೊ ತೆಗೆದು ಸ್ಟೇಟಸ್ ಹಾಕಿದೆ. ಹತ್ತನೇ ಬಾಗಿಲು ಸೇರಿಸುವ ಹೊತ್ತಿಗೆ ಚಿತ್ರಗಳು ನಿಂತು ನಿಂತು ಬರತೊಡಗಿದವು. ಹದಿನಾರನೆಯದಕ್ಕೆ ಎಲ್ಲವೂ ಚೌಕ ಚೌಕ.

ಕಾಲೇಜಿನಲ್ಲಿ ಬ್ಯಾಂಡ್‌ವಿಡ್ತ್ ಎಂಬ ಪದಕ್ಕೆ ಎರಡು ಅಂಕದ ಉತ್ತರ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಲೆಗೆ ಹೋದದ್ದು ಅಂದು, ಸೆಕ್ಯುರಿಟಿ ಅಂಕಲ್ ಕೊಟ್ಟ ಚಹಾ ಆರಿಹೋಗುತ್ತಿದ್ದಾಗ. 16 ಬಾಗಿಲು, ತಲಾ 4 ಎಂಬಿಪಿಎಸ್ ಎಂದರೆ 64. ರೆಕಾರ್ಡರ್ ಒಮ್ಮೆ ಎಳೆದುಕೊಳ್ಳುತ್ತದೆ, ಪರದೆಗೆ ತೋರಿಸುವ ಕಂಪ್ಯೂಟರ್ ಇನ್ನೊಮ್ಮೆ ಎಳೆದುಕೊಳ್ಳುತ್ತದೆ. ಒಟ್ಟು 128. ಸೆಕ್ಯುರಿಟಿ ರೂಮಿಗೆ ಬಂದಿದ್ದ ಹಳೇ ಲಿಂಕ್ ಇದ್ದದ್ದೇ 100. ಬಸ್ಸಿನಲ್ಲಿ ಸೀಟೇ ಇಲ್ಲದ ಮೇಲೆ ಎಲ್ಲರಿಗೂ ಟಿಕೆಟ್ ಹರಿದುಕೊಟ್ಟ ಕಂಡಕ್ಟರ್ ನಾನು.

ಇದಕ್ಕೆ ಇಂಟರ್‌ಕಾಂನಲ್ಲೇ ಪರಿಹಾರ ಇರುತ್ತದೆ. ಹೆಚ್ಚಿನವು ಒಂದಕ್ಕಿಂತ ಹೆಚ್ಚು ಸ್ಟ್ರೀಮ್ ಕೊಡುತ್ತವೆ. ದೊಡ್ಡ ಚಿತ್ರದ ಮೇನ್ ಸ್ಟ್ರೀಮ್ ರೆಕಾರ್ಡಿಂಗಿಗೆ, ಸಣ್ಣ ಚಿತ್ರದ ಸಬ್ ಸ್ಟ್ರೀಮ್ ಪರದೆಗೆ. ಒಂದೇ ಪರದೆಯಲ್ಲಿ 16 ಚೌಕ ಮಾಡಿದ ಮೇಲೆ ಒಂದೊಂದು ಚೌಕ ಅಂಗೈಯಗಲ, ಅಲ್ಲಿ 1080 ಯಾರಿಗೆ ಬೇಕು? ಸಬ್ ಸ್ಟ್ರೀಮ್‌ಗೆ 640ಕ್ಕೆ 480, ಅರ್ಧ ಎಂಬಿಪಿಎಸ್ ಕೊಟ್ಟೆ. ಪರದೆಯ ಪಾಲು 64ರಿಂದ 8ಕ್ಕೆ ಇಳಿಯಿತು. ಮೇನ್ ಸ್ಟ್ರೀಮನ್ನೂ 2ಕ್ಕೆ ಇಳಿಸಿದೆ. ಮುಖ ಗುರುತಿಸಲು ಅದು ಧಾರಾಳ ಸಾಕು. 2 ಎಂಬಿಪಿಎಸ್ ಅಂದರೂ ಒಂದು ಬಾಗಿಲಿಗೆ ದಿನಕ್ಕೆ 21 ಜಿಬಿಗಿಂತ ಹೆಚ್ಚು ಹಾರ್ಡ್‌ಡಿಸ್ಕ್ ಬೇಕಾಗುತ್ತದೆ, ಲೆಕ್ಕ ಹಾಕಿ ನೋಡಿ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೆಕ್ಯುರಿಟಿ ಅಂಕಲ್ ಒಂದು ಬಾಗಿಲಿನ ಚಿತ್ರ ದೊಡ್ಡದು ಮಾಡಿದರೆ ನಾಲ್ಕು ಸೆಕೆಂಡ್ ಕಪ್ಪು ಪರದೆ, ಆಮೇಲೆ ಚಿತ್ರ. ‘ಅಷ್ಟರಲ್ಲಿ ಪಾರ್ಸಲ್ ಹುಡುಗ ಮೂರನೇ ಮಹಡಿಗೆ ಹೋಗಿರ್ತಾನೆ’ ಎಂದು ಅವರು ನಕ್ಕರು. ಎಚ್.264 ರೀತಿಯ ಕೋಡೆಕ್‌ಗಳು ಪ್ರತಿ ಫ್ರೇಮನ್ನೂ ಪೂರ್ತಿ ಕಳಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ, ಅದೇ ಐ ಫ್ರೇಮ್. ನಡುವೆ ಬದಲಾದದ್ದನ್ನು ಮಾತ್ರ ಕಳಿಸುತ್ತವೆ. ನಡುವೆ ಬಂದು ಸೇರಿದವನು ಮುಂದಿನ ಪೂರ್ಣ ಚಿತ್ರ ಬರುವತನಕ ಕಾಯಲೇಬೇಕು. ಸೆಕೆಂಡಿಗೆ 25 ಫ್ರೇಮ್ ಇರುವಲ್ಲಿ ಐ ಫ್ರೇಮ್ ಅಂತರ 100 ಇತ್ತು. 25 ಮಾಡಿದೆ. ಕಾಯುವುದು ಒಂದು ಸೆಕೆಂಡಿಗೆ ಇಳಿಯಿತು. ಅಂಕಲ್ ಇನ್ನೊಂದು ಚಹಾ ತರಿಸಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಹೆಮ್ಮೆಯ ಕಥೆಯಾಗುತ್ತಿತ್ತು.

ರೆಕಾರ್ಡರ್ ಒಂದು ಕಂಪನಿಯದ್ದು, ಇಂಟರ್‌ಕಾಂ ಇನ್ನೊಂದರದ್ದು. ತಾನಾಗಿ ಗುರುತು ಹಿಡಿಯಲಿಲ್ಲವಾದ್ದರಿಂದ ಪ್ರತಿ ಸ್ಟ್ರೀಮಿನ ವಿಳಾಸವನ್ನೂ ಕೈಯಲ್ಲೇ ಟೈಪ್ ಮಾಡಬೇಕಿತ್ತು. ಆ ವಿಳಾಸದಲ್ಲಿ ಮೊದಲು ಯೂಸರ್ ನೇಮ್, ಪಾಸ್‌ವರ್ಡ್, ಆಮೇಲೆ @ ಚಿಹ್ನೆ, ಅದರ ಮುಂದೆ ಐಪಿ. ಅಸೋಸಿಯೇಷನ್ ಕಾರ್ಯದರ್ಶಿ ಕೊಟ್ಟ ಪಾಸ್‌ವರ್ಡ್ ಗಟ್ಟಿಯಾಗಿಯೇ ಇತ್ತು. ಅದರ ಮಧ್ಯದಲ್ಲೇ ಒಂದು @ ಕೂಡ ಇತ್ತು. ರೆಕಾರ್ಡರ್ ಮೊದಲು ಸಿಕ್ಕ @ ಅನ್ನೇ ಗಡಿ ಎಂದುಕೊಂಡು ಪಾಸ್‌ವರ್ಡಿನ ಅರ್ಧವನ್ನು ಐಪಿ ಎಂದು ಓದುತ್ತಿತ್ತು. ‘ಲಾಗಿನ್ ಫೇಲ್ಡ್’. ಇದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ಸಂಜೆ ಆರೂವರೆ. ಸೀನಿಯರ್ ಫೋನ್ ಎತ್ತುತ್ತಿಲ್ಲ. ಕಾರ್ಯದರ್ಶಿ ವಾಚು ನೋಡಿಕೊಳ್ಳುತ್ತಿದ್ದಾರೆ. ಸ್ಟ್ರೀಮಿಂಗ್ ಪೇಜಿನ ಕೆಳಗೆ ‘ಆಥೆಂಟಿಕೇಷನ್’ ಎಂಬ ಚೌಕದಲ್ಲಿ ಒಂದು ಟಿಕ್ ಇತ್ತು. ತೆಗೆದು ನೋಡಿದೆ. ಚಿತ್ರ ಬಂತು. ಹದಿನಾರರಲ್ಲೂ ತೆಗೆದೆ. ನಾಳೆ ಸರಿ ಮಾಡೋಣ ಎಂದುಕೊಂಡೆ. ಕೆಲಸ ಮುಗಿದ ಕಾಗದಕ್ಕೆ ಸಹಿ ಮಾಡಿಸಿಕೊಂಡು ಬಸ್ ಹಿಡಿದೆ. ಆ ‘ನಾಳೆ’ ಬರಲೇ ಇಲ್ಲ.

ಹನ್ನೊಂದನೇ ದಿನ ಆಫೀಸಿಗೆ ಫೋನ್. ‘ನಿಮ್ಮ ಸಿಸ್ಟಮ್ ಹ್ಯಾಕ್ ಆಗಿದೆ.’

ಆದದ್ದು ಇಷ್ಟು. ಕ್ಲಬ್‌ಹೌಸಿನ ವೈಫೈ ಕೂಡ ಅದೇ ನೆಟ್‌ವರ್ಕಿನಲ್ಲಿತ್ತು. ಅಲ್ಲಿನ ನಿವಾಸಿಯೊಬ್ಬನಿಗೆ, ಹೆಚ್ಚೂಕಡಿಮೆ ನನ್ನದೇ ವಯಸ್ಸು, ಕುತೂಹಲ. ಇಂಟರ್‌ಕಾಂ ಮಾಡೆಲ್ ನಂಬರ್ ಡಬ್ಬಿಯ ಮೇಲೇ ಇರುತ್ತದೆ, ಸ್ಟ್ರೀಮ್ ವಿಳಾಸದ ಮಾದರಿ ಅದರ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಆರ್‌ಟಿಎಸ್‌ಪಿಗೆ ಸಾಮಾನ್ಯವಾಗಿ ಇರುವ ಪೋರ್ಟ್ 554. ಲ್ಯಾಪ್‌ಟಾಪಿನ ವಿಎಲ್‌ಸಿಯಲ್ಲಿ ವಿಳಾಸ ಹಾಕಿದ. ಪಾಸ್‌ವರ್ಡ್ ಕೇಳಲೇ ಇಲ್ಲ. ಬಿ ಬ್ಲಾಕಿನ ಹಿಂಬಾಗಿಲು ತೆರೆದುಕೊಂಡಿತು.

ಅಲ್ಲಿ ಹೌಸ್‌ಕೀಪಿಂಗ್ ಅಕ್ಕ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ಮಗಳ ಕಾಲೇಜು ಫೀಸಿಗೆ ತಮ್ಮನ ಹತ್ತಿರ ಸಾಲ ಕೇಳುತ್ತಿದ್ದರು, ಮಧ್ಯೆ ಮಧ್ಯೆ ಅಳುತ್ತಿದ್ದರು. ನಾನು ಸ್ಟ್ರೀಮಿನಲ್ಲಿ ಆಡಿಯೊ ಕೂಡ ಆನ್ ಮಾಡಿಟ್ಟಿದ್ದೆ. ಯಾರೂ ಕೇಳಿರಲಿಲ್ಲ, ಇದೆಯಲ್ಲ ಎಂದು ಮಾಡಿದ್ದು. ಅವನು ಒಂದು ತುಣುಕು ರೆಕಾರ್ಡ್ ಮಾಡಿ ‘ನೋಡಿ, ನಮ್ಮ ಸೆಕ್ಯುರಿಟಿ ಎಷ್ಟು ಸೇಫ್’ ಎಂದು ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಅವನ ಉದ್ದೇಶ ನಮ್ಮ ತಪ್ಪು ತೋರಿಸುವುದೇ ಇದ್ದಿರಬಹುದು. ಗುಂಪಿನಲ್ಲಿ ಚರ್ಚೆಯಾದದ್ದು ಬೇರೆಯೇ. ಕೆಲಸದ ಹೊತ್ತಿನಲ್ಲಿ ಈಕೆಗೆ ಫೋನ್ ಏಕೆ? ಸೂಪರ್‌ವೈಸರ್ ಅವರ ಅರ್ಧ ದಿನದ ಸಂಬಳ ಮುರಿದರು.

ನಾನೂ ಸೀನಿಯರೂ ಬೈಕಿನಲ್ಲಿ ಹೋಗುವಾಗ ಅವರು ಹಿಂದೆ ತಿರುಗದೆ ಕೇಳಿದರು, ‘ಟಿಕ್ ತೆಗೆದೋರು ಯಾರು?’ ಹ್ಯಾಕ್ ಎಂದು ಎಲ್ಲರೂ ಒಪ್ಪಿಕೊಂಡಾಗಿತ್ತು. ನಾನು ಸುಮ್ಮನಿದ್ದರೆ ಹ್ಯಾಕ್ ಆಗಿಯೇ ಉಳಿಯುತ್ತಿತ್ತು. ಪ್ರೊಬೇಷನ್ ಮುಗಿಯಲು ಐದು ವಾರ ಬಾಕಿ. ಅಮ್ಮ ಊರಲ್ಲಿ ಹೇಳಿಕೊಂಡದ್ದು ನೆನಪಾಯಿತು. ಸಿಗ್ನಲ್ ಬಿಡುವ ತನಕ ಸುಮ್ಮನಿದ್ದೆ. ಆಮೇಲೆ ‘ನಾನೇ’ ಎಂದೆ. ಅವರು ಬೈಯಲಿಲ್ಲ. ‘ರಿಪೋರ್ಟಿನಲ್ಲೂ ಹಾಗೇ ಬರಿ’ ಎಂದರು. ಬರೆದೆ. ಮಾಲೀಕರು ಮಾತ್ರ ಬೈದರು, ಚೆನ್ನಾಗಿಯೇ ಬೈದರು, ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು.

ಅಂದು ನಾವು ಸರಿಪಡಿಸಿದ್ದಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ. ವಿಳಾಸದೊಳಗೆ @ ಬದಲು %40 ಎಂದು ಬರೆದರೆ ರೆಕಾರ್ಡರಿಗೆ ಅರ್ಥವಾಗುತ್ತದೆ. ನನ್ನನ್ನು ಇಷ್ಟೆಲ್ಲ ಗೋಳಾಡಿಸಿದ್ದು ಮೂರು ಅಕ್ಷರ! ಆದರೂ ಸೀನಿಯರ್ ಅಷ್ಟಕ್ಕೇ ಬಿಡಲಿಲ್ಲ. ಅಡ್ಮಿನ್ ಪಾಸ್‌ವರ್ಡನ್ನು ರೆಕಾರ್ಡರಿಗೆ ಕೊಡುವುದೇ ತಪ್ಪು ಎಂದು ಬರೀ ನೋಡಲಷ್ಟೇ ಅನುಮತಿ ಇರುವ ಬೇರೆ ಯೂಸರ್ ಮಾಡಿಸಿದರು. ಆಥೆಂಟಿಕೇಷನ್ ಡೈಜೆಸ್ಟ್ ಇರಲಿ, ಬೇಸಿಕ್ ಬೇಡ ಎಂದರು. ಬೇಸಿಕ್‌ನಲ್ಲಿ ಪಾಸ್‌ವರ್ಡ್ ಹೆಚ್ಚೂಕಡಿಮೆ ತೆರೆದ ಅಂಚೆ ಕಾರ್ಡಿನಂತೆ ಹೋಗುತ್ತದೆ. ಇಂಟರ್‌ಕಾಂಗಳನ್ನು ಬೇರೆ ವಿಎಲ್ಯಾನ್‌ಗೆ ಹಾಕಿ ಕ್ಲಬ್‌ಹೌಸ್ ವೈಫೈಯಿಂದ ದೂರ ಮಾಡಿದೆವು. ಎ ಬ್ಲಾಕಿನ ಕ್ಯಾಮೆರಾಗೆ ನೆಲಮಹಡಿಯ ಒಂದು ಮನೆಯ ಹಾಲ್, ಬಾಗಿಲು ತೆಗೆದಾಗಲೆಲ್ಲ ಪೂರಾ ಕಾಣುತ್ತಿತ್ತು. ಅದರ ಮೇಲೆ ಪ್ರೈವಸಿ ಮಾಸ್ಕ್ ಎಳೆದೆವು. ನಾನು ಅಷ್ಟು ದಿನ ಅದನ್ನು ನೋಡಿಯೂ ನೋಡಿರಲಿಲ್ಲ. ಕೊನೆಗೆ ಸ್ಟ್ರೀಮಿನ ಆಡಿಯೊ ಆಫ್. ಬೆಲ್ ಒತ್ತಿ ಕರೆ ಮಾಡಿದಾಗಿನ ಮಾತುಕತೆ ಬೇರೆ ದಾರಿಯಲ್ಲಿ ಹೋಗುತ್ತದೆ, ಅದಕ್ಕೇನೂ ತೊಂದರೆ ಇಲ್ಲ.

ಕೆಲಸ ಮಾಡುತ್ತಲೇ ಸೀನಿಯರ್ 2016ರ ಮಿರಾಯ್ ಕಥೆ ಹೇಳಿದರು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದೇ ಬಿಟ್ಟ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳನ್ನು ಹುಡುಕಿ ಹುಡುಕಿ ಆ ಮಾಲ್‌ವೇರ್ ಒಂದು ಸೈನ್ಯವನ್ನೇ ಕಟ್ಟಿತ್ತಂತೆ. ಅದರ ದಾಳಿಗೆ ಆ ಅಕ್ಟೋಬರ್‌ನಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ಸಿಗದಂತಾಗಿದ್ದವು. ಅಷ್ಟು ದೊಡ್ಡದಕ್ಕೆ ಹೋಲಿಸಿದರೆ ನನ್ನದು ಒಂದು ಹಿಂಬಾಗಿಲು. ಆದರೆ ನನಗೆ ಟ್ವಿಟರ್ ಬಗ್ಗೆ ನಿದ್ದೆ ಕೆಟ್ಟಿರಲಿಲ್ಲ.

ಈ ಕೆಲಸಕ್ಕೆ ಬರಬೇಕೆಂದಿರುವವರು ಕೇಳಿದರೆ ಒಂದು ಮಾತು ಹೇಳುತ್ತೇನೆ. ಕೋರ್ಸಿಗೆ ದುಡ್ಡು ಸುರಿಯುವ ಮೊದಲು, ಮೂಲೆಯಲ್ಲಿ ಬಿದ್ದ ಹಳೇ ಮೊಬೈಲಿಗೆ ಐಪಿ ಕ್ಯಾಮೆರಾ ಆ್ಯಪ್ ಹಾಕಿ, ಅದರ ಸ್ಟ್ರೀಮನ್ನು ವಿಎಲ್‌ಸಿಯಲ್ಲಿ ತೆರೆದು ನೋಡಿ. ಬಿಟ್ ರೇಟ್ ಇಳಿಸಿ, ಏರಿಸಿ. ಪಾಸ್‌ವರ್ಡ್ ಇಟ್ಟು ನೋಡಿ, ತೆಗೆದು ನೋಡಿ. ಮನೆಯವರಿಗೆ ಹೇಳಿಯೇ ಮಾಡಿ.

ಅಂದು ಎಲ್ಲ ಮುಗಿದ ಮೇಲೆ ಅಕ್ಕನನ್ನು ಹುಡುಕಿಕೊಂಡು ಹೋದೆ. ಬೇಸ್‌ಮೆಂಟಿನಲ್ಲಿ ಒರೆಸುತ್ತಿದ್ದರು. ತಪ್ಪು ನನ್ನದು ಎಂದು ಹೇಳಿದೆ. ಟಿಕ್, ಆಥೆಂಟಿಕೇಷನ್ ಎಂದೆಲ್ಲ ತೊದಲಿದೆ. ಸೂಪರ್‌ವೈಸರಿಗೂ ಹೇಳುತ್ತೇನೆ ಎಂದೆ, ಹೇಳಿದೆ ಕೂಡ. ಆ ಅರ್ಧ ದಿನದ ದುಡ್ಡು ವಾಪಸ್ ಬಂತೋ ಇಲ್ಲವೋ ನಾನು ಕೇಳಲಿಲ್ಲ, ಕೇಳಬೇಕಿತ್ತು.

ಅವರು ಕೇಳಿಸಿಕೊಂಡದ್ದು ಒಂದೇ ವಿಷಯ. ‘ಅಂದ್ರೆ ಅದಕ್ಕೆ ಮಾತೂ ಕೇಳ್ಸುತ್ತಾ? ನಾನು ಬೆಲ್ಲು ಅಂದ್ಕೊಂಡಿದ್ದೆ.’

ಈಗ ಕೇಳಿಸುವುದಿಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ. ಅವರನ್ನು ಸೆಕ್ಯುರಿಟಿ ರೂಮಿಗೆ ಕರೆದುಕೊಂಡು ಹೋಗಿ ಬಿ ಬ್ಲಾಕಿನ ಹಿಂಬಾಗಿಲನ್ನು ಪರದೆಯಲ್ಲಿ ದೊಡ್ಡದು ಮಾಡಿದೆ, ಸ್ಪೀಕರ್ ಪೂರ್ತಿ ಏರಿಸಿದೆ. ‘ನೀವು ಇಲ್ಲೇ ಇರಿ, ನಾನು ಅಲ್ಲಿ ಹೋಗಿ ಮಾತಾಡ್ತೀನಿ’ ಎಂದು ಓಡಿದೆ. ಆ ಮೆಟ್ಟಿಲ ಮೇಲೆ ನಿಂತು ಡಬ್ಬಿಯ ಎದುರು ಜೋರಾಗಿ ‘ಅಕ್ಕಾ, ಕೇಳಿಸ್ತಿದೆಯಾ?’ ಎಂದು ನಾಲ್ಕೈದು ಸಲ ಕೂಗಿದೆ. ಲಿಫ್ಟಿನಿಂದ ಇಳಿದ ಅಜ್ಜರೊಬ್ಬರು ನನ್ನನ್ನೇ ನೋಡುತ್ತಾ ಹೋದರು.

ವಾಪಸ್ ಬಂದಾಗ ಅಕ್ಕ ಇನ್ನೂ ಸ್ಪೀಕರಿಗೆ ಕಿವಿಯಿಟ್ಟು ನಿಂತಿದ್ದರು. ‘ಬಾಯಿ ಅಲ್ಲಾಡೋದು ಕಾಣ್ಸ್ತು. ಮಾತು ಬರ್ಲಿಲ್ಲ’ ಎಂದರು. ಬಕೆಟ್ ಎತ್ತಿಕೊಂಡು ಬೇಸ್‌ಮೆಂಟಿಗೆ ಇಳಿದರು.