ಮಕ್ಕಳ ಲಸಿಕೆ: ತೀರ್ಮಾನ ಮಾಡುವವರು ಯಾರು?

ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲೆ ನಮ್ಮ ಬೋರಾಮಣಿ ಇದೆ. ಹೊರಗಿನವರು ಈ ಊರಿನ ಹೆಸರು ಕೇಳಿದ್ದರೆ ಅದು ಬಹುಮಟ್ಟಿಗೆ ಇಲ್ಲಿ ಆಗಬೇಕಿದ್ದ ವಿಮಾನ ನಿಲ್ದಾಣದ ಸುದ್ದಿಯಿಂದ. ಆದರೆ ಈ ರಸ್ತೆಗೆ ಇನ್ನೊಂದು ವಿಶೇಷವಿದೆ. ಅದರ ಒಂದು ತುದಿಗೆ ಪುಣೆ, ಮತ್ತೊಂದು ತುದಿಗೆ ಹೈದರಾಬಾದ್. ಜಗತ್ತಿನ ಬಡ ದೇಶಗಳ ಮಕ್ಕಳಿಗೆ ತಲುಪುವ ಲಸಿಕೆಯ ಬಹುದೊಡ್ಡ ಪಾಲು ಈ ಎರಡು ನಗರಗಳ ಕಾರ್ಖಾನೆಗಳಿಂದ ಹೊರಡುತ್ತದೆ. ಪುಣೆಯಲ್ಲಿ 1966ರಲ್ಲಿ ಆರಂಭವಾದ ಸೀರಂ ಇನ್‌ಸ್ಟಿಟ್ಯೂಟ್ ಇದೆ; ಹೈದರಾಬಾದಿನಲ್ಲಿ ಬಯೊಲಾಜಿಕಲ್ ಇ ಮತ್ತು ಭಾರತ್ ಬಯೊಟೆಕ್ ಇವೆ.

ಲಸಿಕೆ ಮನೆ ಬಾಗಿಲಲ್ಲೇ ತಯಾರಾದರೆ ಮೊದಲು ಮನೆಯ ಮಕ್ಕಳಿಗೇ ಸಿಗಬೇಕಲ್ಲವೆ? ಹಾಗಾಗಲಿಲ್ಲ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಮತ್ತು ಹಿಬ್ ಎಂಬ ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವಲೆಂಟ್ ಲಸಿಕೆಯನ್ನೇ ನೋಡಿ. ಆಫ್ರಿಕಾದ ಎಷ್ಟೋ ದೇಶಗಳ ಮಕ್ಕಳು ಅದನ್ನು ಪಡೆದ ನಂತರ, 2011ರ ಡಿಸೆಂಬರಿನಲ್ಲಿ ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮಕ್ಕೆ ಅದು ಬಂತು, ಅದೂ ಕೇರಳ ಮತ್ತು ತಮಿಳುನಾಡಿನಲ್ಲಿ ಮಾತ್ರ. 2013ರ ಹೊತ್ತಿಗೆ ಕರ್ನಾಟಕಕ್ಕೆ ಬಂತು. ಮಹಾರಾಷ್ಟ್ರದ ಸರದಿ 2015ಕ್ಕೆ. ಎಂದರೆ ಗಡಿಯಾಚೆ ಇಂಡಿ, ಆಳಂದ, ಅಫಜಲಪುರದಲ್ಲಿರುವ ನಮ್ಮ ಬೀಗರ ಮನೆಯ ಕೂಸಿಗೆ ಸಿಕ್ಕ ಚುಚ್ಚುಮದ್ದು ಅಕ್ಕಲಕೋಟೆಯ ಕೂಸಿಗೆ ಸಿಗಲು ಸುಮಾರು ಎರಡು ವರ್ಷ ಕಾಯಬೇಕಾಯಿತು. ದಡಾರ-ರುಬೆಲ್ಲಾ ಅಭಿಯಾನವೂ ಹೀಗೆಯೇ: ಕರ್ನಾಟಕದಲ್ಲಿ 2017ರ ಫೆಬ್ರವರಿ, ನಮ್ಮಲ್ಲಿ 2018ರ ನವೆಂಬರ್.

ಇಂಥ ಸರದಿಯನ್ನು ನಿಶ್ಚಯಿಸುವವರಲ್ಲಿ ದೆಹಲಿ ಮತ್ತು ಮುಂಬೈಯವರಷ್ಟೇ ಇಲ್ಲ, ಜಿನೀವಾದವರೂ ಇದ್ದಾರೆ. ಅಲ್ಲಿರುವ ಸಂಸ್ಥೆಯ ಹೆಸರು ಗಾವಿ. ಗ್ಲೋಬಲ್ ಅಲೈಯನ್ಸ್ ಫಾರ್ ವ್ಯಾಕ್ಸೀನ್ಸ್ ಅಂಡ್ ಇಮ್ಯುನೈಸೇಷನ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ನಮ್ಮ ತಾಯಂದಿರಲ್ಲಿ ಬಹುತೇಕರು ಈ ಹೆಸರನ್ನು ಕೇಳಿಲ್ಲ. ಕೇಳುವ ಅಗತ್ಯವೂ ಅವರಿಗೆ ಬಿದ್ದಿಲ್ಲ.

ಇದರ ಹುಟ್ಟು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಸಿಕಾ ವಿಸ್ತರಣಾ ಕಾರ್ಯಕ್ರಮವನ್ನು ಆರಂಭಿಸಿದಾಗ, ಬಡ ದೇಶಗಳಲ್ಲಿ ನೂರರಲ್ಲಿ ಐದು ಮಕ್ಕಳಿಗೂ ಪೂರ್ಣ ಲಸಿಕೆ ಸಿಗುತ್ತಿರಲಿಲ್ಲ. 1980ರ ದಶಕದಲ್ಲಿ ಯುನಿಸೆಫ್‌ನ ಮುಖ್ಯಸ್ಥರಾಗಿದ್ದ ಜೇಮ್ಸ್ ಗ್ರಾಂಟ್ ಊರೂರು ತಿರುಗಿ, ಅಧ್ಯಕ್ಷರನ್ನೂ ಪ್ರಧಾನಿಗಳನ್ನೂ ಬೆನ್ನುಹತ್ತಿ ಕೆಲಸ ಮಾಡಿಸಿದರು. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದೂ ಆಗಲೇ, 1985ರಲ್ಲಿ. 1990ರ ವೇಳೆಗೆ ಜಗತ್ತಿನ ನಾಲ್ಕು ಮಕ್ಕಳಲ್ಲಿ ಸರಿಸುಮಾರು ಮೂವರಿಗೆ ಮೂಲ ಲಸಿಕೆಗಳು ತಲುಪುತ್ತಿದ್ದವು. ಆಮೇಲೆ ಬಂಡಿ ಅಲ್ಲೇ ನಿಂತಿತು. ದಾನಿಗಳಿಗೆ ದಣಿವಾಯಿತು. ಹೆಪಟೈಟಿಸ್-ಬಿ ಲಸಿಕೆ 1980ರ ದಶಕದ ಆರಂಭದಲ್ಲೇ ಬಂದಿತ್ತು, ಹಿಬ್ ಲಸಿಕೆ ಅದೇ ದಶಕದ ಕೊನೆಗೆ. ಎರಡೂ ಶ್ರೀಮಂತ ದೇಶಗಳ ಮಕ್ಕಳಿಗೆ ಮಾತ್ರ. ಬಡವರು ಕೊಳ್ಳಲಾರರು ಎಂದು ಕಂಪನಿಗಳು ಹೆಚ್ಚು ತಯಾರಿಸಲಿಲ್ಲ, ಹೆಚ್ಚು ತಯಾರಿಸದ್ದರಿಂದ ಬೆಲೆ ಇಳಿಯಲಿಲ್ಲ, ಬೆಲೆ ಇಳಿಯದ್ದರಿಂದ ಬಡವರು ಕೊಳ್ಳಲಿಲ್ಲ. 1990ರಲ್ಲಿ ಹುಟ್ಟಿದ ಚಿಲ್ಡ್ರನ್ಸ್ ವ್ಯಾಕ್ಸೀನ್ ಇನಿಶಿಯೇಟಿವ್ ಎಂಬ ಹಿಂದಿನ ಪ್ರಯತ್ನಕ್ಕೂ ಈ ಗಂಟು ಬಿಡಿಸಲು ಆಗಲಿಲ್ಲ. ಹತ್ತು ವರ್ಷ ತುಂಬುವ ಮೊದಲೇ ಅದು ಮುಚ್ಚಿತು.

1998ರಲ್ಲಿ ವಿಶ್ವ ಬ್ಯಾಂಕ್ ಎಲ್ಲರನ್ನೂ ವಾಷಿಂಗ್ಟನ್ನಿಗೆ ಕರೆಯಿತು. ಮರುವರ್ಷ ಇಟಲಿಯ ಬೆಲ್ಲಾಜಿಯೊದಲ್ಲಿ ಮತ್ತೆ ಕೂಡಿದರು. ಹೊಸ ಸಂಸ್ಥೆ ಬೇಕೇ, ಇದ್ದ ಸಂಸ್ಥೆಗಳೇ ಕೂಡಿ ದುಡಿದರೆ ಸಾಲದೇ ಎಂಬ ಚರ್ಚೆ ಸಾಕಷ್ಟು ನಡೆಯಿತು. ಕೊನೆಗೆ ಮಾತಿಗಿಂತ ಹಣ ಕೆಲಸ ಮಾಡಿತು ಎನ್ನಬೇಕು. ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ ಐದು ವರ್ಷಕ್ಕೆ 75 ಕೋಟಿ ಡಾಲರ್ ಕೊಡುವುದಾಗಿ ಹೇಳಿತು. 2000ದ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಗಾವಿಯ ಉದ್ಘಾಟನೆಯಾಯಿತು. ಬಡ ಮಕ್ಕಳ ಸಂಸ್ಥೆಯ ಹೆಸರಿಡುವ ಶಾಸ್ತ್ರ ಜಗತ್ತಿನ ಸಿರಿವಂತರು ಸೇರುವ ಹಿಮದ ಊರಿನಲ್ಲಿ ನಡೆದದ್ದು ವಿಚಿತ್ರವೇ ಸರಿ.

ಮೊದಲು ಅದಕ್ಕೆ ಸ್ವಂತ ಮನೆಯೂ ಇರಲಿಲ್ಲ. ಜಿನೀವಾದ ಯುನಿಸೆಫ್ ಕಚೇರಿಯಲ್ಲಿ ನಾರ್ವೆಯ ಟೋರೆ ಗೋಡಾಲ್ ಎಂಬ ವೈದ್ಯರು ಚಿಕ್ಕ ಸಿಬ್ಬಂದಿಯೊಡನೆ ಕೆಲಸ ಆರಂಭಿಸಿದರು. ಲಸಿಕೆಯ ನೀತಿ ನೋಡಲು ಒಂದು ಮಂಡಳಿ, ಹಣ ನೋಡಲು ಬೇರೊಂದು ಮಂಡಳಿ. ಧರ್ಮಕೇಂದ್ರದ ಪಾಲನಾ ಸಮಿತಿ ಒಂದು ಹೇಳಿ ಹಣಕಾಸು ಸಮಿತಿ ಇನ್ನೊಂದು ಹೇಳಿದರೆ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. 2008ರಲ್ಲಿ ಎರಡನ್ನೂ ಕೂಡಿಸಿ ಒಂದೇ ಆಡಳಿತ ಮಂಡಳಿ ಮಾಡಿದರು.

ಆ ಮಂಡಳಿಯಲ್ಲಿ 28 ಸ್ಥಾನಗಳಿವೆ. ಯಾರು ಎಲ್ಲಿ ಕೂರುತ್ತಾರೆ ಎಂಬುದರಲ್ಲಿ ಸಂಸ್ಥೆಯ ಸ್ವಭಾವ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವ ಬ್ಯಾಂಕ್ ಮತ್ತು ಗೇಟ್ಸ್ ಪ್ರತಿಷ್ಠಾನಕ್ಕೆ ತಲಾ ಒಂದು. ಹಣ ಕೊಡುವ ಸರ್ಕಾರಗಳಿಗೆ ಐದು, ಲಸಿಕೆ ಪಡೆಯುವ ಸರ್ಕಾರಗಳಿಗೂ ಐದು. ಶ್ರೀಮಂತ ದೇಶಗಳ ಲಸಿಕಾ ಕಂಪನಿಗಳಿಗೆ ಒಂದು, ನಮ್ಮಂಥ ದೇಶಗಳ ಕಂಪನಿಗಳಿಗೆ ಒಂದು, ಸಂಶೋಧನಾ ಸಂಸ್ಥೆಗಳಿಗೆ ಒಂದು, ಸ್ವಯಂಸೇವಾ ಸಂಸ್ಥೆಗಳಿಗೆ ಒಂದು. ಇವಲ್ಲದೆ ಯಾರ ಪ್ರತಿನಿಧಿಯೂ ಅಲ್ಲದ ಒಂಬತ್ತು ಸ್ವತಂತ್ರ ಸದಸ್ಯರು. ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರು ಸಭೆಯಲ್ಲಿ ಕೂರುತ್ತಾರೆ, ಮತ ಹಾಕುವುದಿಲ್ಲ. 2024ರಲ್ಲಿ ಆ ಹುದ್ದೆಗೆ ಪಾಕಿಸ್ತಾನದ ವೈದ್ಯೆ ಸಾನಿಯಾ ನಿಷ್ತಾರ್ ಬಂದರು.

ಕೊಡುವವನಿಗೂ ಪಡೆಯುವವನಿಗೂ ಸಮನಾಗಿ ಐದೈದು ಸ್ಥಾನ ಕೊಟ್ಟದ್ದು ಸಣ್ಣ ಮಾತಲ್ಲ. ದಾನ ಧರ್ಮದ ಲೋಕದಲ್ಲಿ ಇದು ಅಪರೂಪ. ಆದರೆ ಮಾರುವವನೂ ಅದೇ ಮೇಜಿನಲ್ಲಿ ಕೂರುವುದು ನನಗೆ ಸರಿತೋರುವುದಿಲ್ಲ. ತಮಗೆ ಲಾಭವಿರುವ ವಿಷಯ ಬಂದಾಗ ಸದಸ್ಯರು ತೀರ್ಮಾನದಿಂದ ಹೊರಗುಳಿಯಬೇಕೆಂಬ ನಿಯಮವಿದೆ, ನಿಜ. ಆದರೂ ಬೆಲೆಯ ವಿಷಯದಲ್ಲಿ ಕಂಪನಿಗಳಿಗೆ ಸಲಿಗೆ ಹೆಚ್ಚಾಯಿತೆಂದು, ಗಡಿಗಳಿಲ್ಲದ ವೈದ್ಯರ ಸಂಸ್ಥೆ ನ್ಯುಮೋನಿಯಾ ಲಸಿಕೆಯ ಬಗ್ಗೆ ವರ್ಷಗಟ್ಟಲೆ ದೂರಿತು. 2016ರಲ್ಲಿ ಒಂದು ದೊಡ್ಡ ಕಂಪನಿ ಉಚಿತವಾಗಿ ಕೊಡಲು ಬಂದ ಹತ್ತು ಲಕ್ಷ ಡೋಸನ್ನೇ ಅವರು ಬೇಡವೆಂದರು. ದಾನ ಬೇಡ, ಬೆಲೆ ಇಳಿಸಿ ಎಂಬುದು ಅವರ ಮಾತು.

ಬೆಲೆ ಇಳಿದದ್ದೂ ಉಂಟು. ಆರಂಭದಲ್ಲಿ ಒಂದೇ ಕಂಪನಿ ಮಾರುತ್ತಿದ್ದ ಪೆಂಟಾವಲೆಂಟ್ ಡೋಸಿಗೆ ಮೂರೂವರೆ ಡಾಲರಿನಷ್ಟಿತ್ತು. ಇಷ್ಟು ವರ್ಷ ಇಷ್ಟು ಕೊಳ್ಳುತ್ತೇವೆಂದು ಗಾವಿ ಮಾತು ಕೊಟ್ಟದ್ದರಿಂದ ಪುಣೆ, ಹೈದರಾಬಾದಿನವರೂ ಕಣಕ್ಕಿಳಿದರು. 2016ರ ಖರೀದಿ ಒಪ್ಪಂದದಲ್ಲಿ ಅದು ಒಂದು ಡಾಲರಿಗಿಂತ ಕೆಳಗೆ ಬಂತು.

ಇಷ್ಟೊಂದು ಹಣವನ್ನು ಮುಂಗಡವಾಗಿ ಎಲ್ಲಿಂದ ತರುವುದು? ಸರ್ಕಾರಗಳು ಮುಂದಿನ ಇಪ್ಪತ್ತು ವರ್ಷ ಕೊಡುವುದಾಗಿ ಬರೆದುಕೊಟ್ಟ ಮಾತನ್ನೇ ಆಧಾರವಾಗಿಟ್ಟು, ಮಾರುಕಟ್ಟೆಯಲ್ಲಿ ಸಾಲಪತ್ರಗಳನ್ನು ಮಾರುವ ಉಪಾಯ 2006ರಲ್ಲಿ ಬಂತು. ಆ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ಸಾಲಪತ್ರವನ್ನು ಕೊಂಡವರು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು! ಅವರ ಪರವಾಗಿ ಕಾರ್ಡಿನಲ್ ರೆನಾತೊ ಮಾರ್ತಿನೊ ಹೋಗಿದ್ದರು. ಇತರ ಧರ್ಮಗಳ ಪ್ರತಿನಿಧಿಗಳೂ ಅಲ್ಲಿ ಕೊಂಡರು. ಅದು ಕಾಣಿಕೆಯಲ್ಲ, ಬಡ್ಡಿ ಸಮೇತ ಹಿಂತಿರುಗುವ ಸಾಲ ಎಂಬುದನ್ನು ಗಮನಿಸಬೇಕು. ಹತ್ತು ವರ್ಷದ ನಂತರ ಬರುವ ಹಣದಿಂದ ಇಂದಿನ ಕೂಸಿಗೆ ಲಸಿಕೆ ಹಾಕುವ ಲೆಕ್ಕ ಅದು.

ಈ ಮನೆಯಲ್ಲಿ ಭಾರತದ ಸ್ಥಾನ ಯಾವುದು? ಒಂದಲ್ಲ, ಮೂರು. ಗಾವಿಯಿಂದ ನೆರವು ಪಡೆಯುವವರು ನಾವು: 2016ರಿಂದ 2021ರವರೆಗೆ 50 ಕೋಟಿ ಡಾಲರಿನವರೆಗೆ ಕೊಡುವ ಒಪ್ಪಂದವಾಗಿತ್ತು. ಗಾವಿಗೆ ಹಣ ಕೊಡುವವರೂ ನಾವು: 2020ರಲ್ಲಿ ಒಂದೂವರೆ ಕೋಟಿ ಡಾಲರ್ ಘೋಷಿಸಿದೆವು. ಮಾರುವವರೂ ನಾವೇ. ಮೂರೂ ಪಾತ್ರ ಒಟ್ಟಿಗೆ ನಡೆಯುವುದು ಎಷ್ಟು ಕಷ್ಟವೆಂದು ಕೊರೋನಾ ತೋರಿಸಿತು. ಗಾವಿ ಮತ್ತು ಜೊತೆಗಾರರು ಕಟ್ಟಿದ ಕೋವ್ಯಾಕ್ಸ್ ಯೋಜನೆಯ ಮೊದಲ ಆರು ಲಕ್ಷ ಡೋಸ್ 2021ರ ಫೆಬ್ರವರಿ 24ರಂದು ಘಾನಾದಲ್ಲಿ ಇಳಿಯಿತು. ಅದು ಪುಣೆಯ ಮಾಲು. ಮಾರ್ಚಿನಲ್ಲಿ ಎರಡನೇ ಅಲೆ ಎದ್ದಿತು. ಭಾರತ ರಫ್ತು ನಿಲ್ಲಿಸಿತು. ನವೆಂಬರಿನವರೆಗೂ ಆಫ್ರಿಕಾ ಕಾಯಿತು. ನಮ್ಮ ಆಸ್ಪತ್ರೆಗಳ ಮುಂದೆ ಜನ ಉಸಿರಿಗಾಗಿ ಒದ್ದಾಡುತ್ತಿದ್ದಾಗ ಸರ್ಕಾರ ಬೇರೇನು ಮಾಡಬಹುದಿತ್ತು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಎಲ್ಲ ಮೊಟ್ಟೆಯನ್ನೂ ಪುಣೆಯ ಒಂದೇ ಬುಟ್ಟಿಯಲ್ಲಿಟ್ಟ ಮಂಡಳಿಯನ್ನಂತೂ ಪ್ರಶ್ನಿಸಬಹುದು.

2025ರ ಜೂನ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಮುಂದಿನ ಐದು ವರ್ಷಕ್ಕೆ ಗಾವಿ ಕೇಳಿದ್ದು 1,190 ಕೋಟಿ ಡಾಲರ್. 900 ಕೋಟಿಗಿಂತ ಸ್ವಲ್ಪ ಹೆಚ್ಚು ಕೂಡಿತು. ಅದುವರೆಗೆ ದೊಡ್ಡ ದಾನಿಯಾಗಿದ್ದ ಅಮೆರಿಕ, ಇನ್ನು ಕೊಡುವುದಿಲ್ಲ ಎಂದು ಆ ಸಭೆಯಲ್ಲೇ ತಿಳಿಸಿತು. ಹೀಗಾಗಿ 2026ರಿಂದ 2030ರ ಅವಧಿಗೆ ಯಾವ ಲಸಿಕೆಯನ್ನು ಮುಂದೂಡುವುದು, ಯಾವ ದೇಶಕ್ಕೆ ಎಷ್ಟು ಕಡಿತ ಎಂಬ ಕಹಿ ಕೆಲಸ ಆ ಮೇಜಿನ ಮುಂದೆ ಬಂತು. ಪಡೆಯುವ ದೇಶಗಳ ಐದು ಕುರ್ಚಿಗಳ ಬೆಲೆ ಗೊತ್ತಾಗುವುದು ಇಂಥ ಹೊತ್ತಿನಲ್ಲೇ.

ನಮ್ಮ ದೇಶಕ್ಕೆ ಗಾವಿಯ ನೆರವು ಈಗ ಮುಖ್ಯವಾಗಿ ಒಂದೂ ಲಸಿಕೆ ಪಡೆಯದ ಮಕ್ಕಳನ್ನು ಹುಡುಕುವ ಕೆಲಸಕ್ಕೆ. ಲಸಿಕೆಯ ಬಹುಪಾಲು ಖರ್ಚನ್ನು ಸರ್ಕಾರವೇ ಹೊರುತ್ತದೆ. ಅಂಥ ಮಕ್ಕಳನ್ನು ಕಾಣಬೇಕಾದರೆ ಸೋಲಾಪುರ ಜಿಲ್ಲೆಯವರು ದೂರ ಹೋಗಬೇಕಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳ ಸುತ್ತ ಗುಡಿಸಲು ಹಾಕುವ ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ ಕೂಸುಗಳಿರುತ್ತವೆ. ಅವುಗಳ ಲಸಿಕೆ ಕಾರ್ಡು ಊರಿನಲ್ಲಿ ಅಜ್ಜಿಯ ಟ್ರಂಕಿನಲ್ಲಿರುತ್ತದೆ, ಹೆಸರು ಅಲ್ಲಿಯ ಅಂಗನವಾಡಿಯ ಪುಸ್ತಕದಲ್ಲಿ. ಚುಚ್ಚುಮದ್ದಿನ ದಿನ ತಾಯಿ ನಸುಕಿನಲ್ಲೇ ಕಬ್ಬಿನ ಹೊಲದಲ್ಲಿರುತ್ತಾಳೆ.